ಒಂಬತ್ತನೇ ದಿನ

ಹೂಮಳೆ ಬಿದ್ದ ರಾತ್ರಿ
ಅಪ್ಪ ಟಾರ್ಚು ಹಿಡಿದು ಮಳೆಮಾಪಕದ ಹತ್ತಿರ ಹೋದ.
ನೂರಾ ಹತ್ತು ಸೆಂಟು! ಅಂದ,
ಲಾಟರಿ ಹೊಡೆದವನ ಹಾಗೆ. ತೋಟವೇನೂ ಅವನದಲ್ಲ.
ಪಾಲಿಬೆಟ್ಟದ ಎಸ್ಟೇಟೊಂದರ ರೈಟರು ಅವನು;
ಮಸ್ಟರು ಬರೆಯುತ್ತಾನೆ, ಮಳೆ ಬರೆಯುತ್ತಾನೆ.
ಕ್ವಾರ್ಟರ್ಸಿನ ಕತ್ತಲಲ್ಲಿ ನಾನು
ಬೆರಳು ಮಡಚಿ ಎಣಿಸಿದೆ:
ಒಂಬತ್ತನೇ ದಿನ ಹೂ.
ಅದೇ ದಿನ ಕೆಮಿಸ್ಟ್ರಿ.

ಊರಿಗೆಲ್ಲ ಅದು ಘಮ.
ಮೈಸೂರಿನಿಂದ ಬಂದವರು ಬೈಕು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.
ನನಗೆ ಮಾತ್ರ ಎದೆಯೊಳಗೆ ಯಾರೋ
ಹಳೇ ಹಾರ್ಮೋನಿಯಮ್ಮಿನ ತಿದಿ ಎಳೆದಂತೆ
ಸುಂಯ್, ಸುಂಯ್.

ಹೋದ ವರ್ಷ ಪರೀಕ್ಷೆಯ ಹಾಲಿನಲ್ಲಿ
ಆ ಸುಂಯ್ ಕೂಡ ಇರಲಿಲ್ಲ.
ಪ್ರಶ್ನೆಪತ್ರಿಕೆ ಕೈಗೆ ಬರುವ ಮೊದಲೇ
ಗಂಟಲಿಗೆ ಗಂಟು ಬಿತ್ತು, ಬೆರಳ ತುದಿ ಜುಮ್ಮೆಂದವು,
ನೀಲಿ ಪಂಪು ಒತ್ತಿದೆ, ಒತ್ತಿದೆ,
ಆರು ಸಲವೋ ಏಳು ಸಲವೋ,
ಕೈ ನಡುಗಿತು, ಎದೆ ಇನ್ನೂ ಜೋರು ಓಡಿತು,
ಅದು ಓಡುವುದ ಕಂಡು ನಾನೂ ಇನ್ನಷ್ಟು ಹೆದರಿದೆ.
ಸೂಪರ್‌ವೈಸರು ಫ್ಯಾನು ಹಾಕಿಸಿದರು.
ಹಿಂದಿನ ಬೆಂಚಿನಿಂದ ಯಾರೋ, ನಾಟಕ, ಅಂದರು.
ಮೆಲ್ಲಗೇ ಅಂದರು.
ಉಸಿರು ಸಾಲದವರಿಗೆ ಕಿವಿ ಬಲು ಚುರುಕು.

ವಿರಾಜಪೇಟೆ ಆಸ್ಪತ್ರೆಯ ಮಹಡಿಯಲ್ಲಿ
ಗುರುವಾರ ಮಾತ್ರ ಕೂರುವ ಫ್ಲೇವಿಯಾ ಮೇಡಂ
ಧೈರ್ಯವಾಗಿರು ಅನ್ನಲಿಲ್ಲ.
ಅಂದಿದ್ದರೆ ಎದ್ದು ಬರುತ್ತಿದ್ದೆ.
ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟು, ಊದು, ಅಂದರು.
ಕೆಂಪು ಮುಳ್ಳು ಜಿಗಿದು ನಿಂತಿತು:
ಮುನ್ನೂರ ನಲವತ್ತು.
ನಿನ್ನ ಮನಸ್ಸು ಎಷ್ಟು ಅಂತ ಹೇಳ್ತಿತ್ತು?
ಸೊನ್ನೆ, ಅಂದೆ.
ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ಕೂತೆವು
ಆ ಮುನ್ನೂರ ನಲವತ್ತರ ಮುಂದೆ.

ಹೇಳಿಕೊಟ್ಟದ್ದು ಒಂದೇ ಗುರುವಾರ,
ಮೈಗೆ ಹತ್ತಲು ಒಂದು ಮಳೆಗಾಲ ಬೇಕಾಯಿತು.
ಕಂದು ಪಂಪು ದಿನಾ, ಹಲ್ಲುಜ್ಜುವ ಮೊದಲು.
ಎದೆ ಕಟ್ಟಿದರೆ ಮೊದಲು ಊದು.
ಇನ್ನೂರ ತೊಂಬತ್ತಕ್ಕಿಂತ ಕೆಳಗಾದರೆ ನೀಲಿ,
ತಡ ಮಾಡಬೇಡ, ನಾಚಬೇಡ.
ಮೇಲಿದ್ದರೆ ಕೂತುಕೋ,
ಬಿಸಿ ಕಾಫಿ ಆರಿಸುವ ಹಾಗೆ ತುಟಿ ಕಿರಿದು ಮಾಡಿ
ಬಿಡು, ಎಳೆದದ್ದಕ್ಕಿಂತ ಉದ್ದಕ್ಕೆ ಬಿಡು.
ಹೆದರಿಕೆ ಹೇಳಿದ್ದನ್ನು ಬರಿ.
ಪಕ್ಕದಲ್ಲಿ ನಂಬರು ಬರಿ.

ಆನೆಯ ವಿಷಯ ಮಾತ್ರ ನಾನು ಅವರಿಗೆ ಹೇಳಿದ್ದು.
ಸಂಜೆ ಕಾಫಿ ಗಿಡ ಅಲುಗಿದರೆ ನಮ್ಮಲ್ಲಿ ಯಾರೂ ನಗುವುದಿಲ್ಲ.
ಹಲಸಿನೆಲೆ ಬಿದ್ದಿರಬಹುದು.
ಆದರೆ ಲೈನಿನ ಚೋಮಿಯನ್ನು ಅಟ್ಟಿದ್ದು ಆನೆಯೇ.
ಅದಕ್ಕೇ ಫಾರೆಸ್ಟಿನವರ ಮೆಸೇಜು ನೋಡುತ್ತೇವೆ,
ಯಾವ ತೋಟದಲ್ಲಿ ಎಷ್ಟಿವೆ, ಮರಿ ಇದೆಯೋ,
ಆಮೇಲೆ ಓಡುತ್ತೇವೆ,
ಇಲ್ಲವೇ ಒಣಗಿದ ಬಟ್ಟೆ ಒಳಗೆ ತರುತ್ತೇವೆ.
ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು:
ಇದನ್ನು ಬೇರೆ ಮಕ್ಕಳಿಗೆ ಹೇಳಲಾ?

ಈಗ ಮನೆಯಲ್ಲಿ ಒಂದೇ ಮೊಳೆಗೆ ಎರಡು ಪುಸ್ತಕ.
ಬೆಳಿಗ್ಗೆ ಅಪ್ಪ ಮಳೆ ಬರೆಯುತ್ತಾನೆ, ನಾನು ಉಸಿರು.
ಒಂದು ದಿನ ತಪ್ಪಿ ನನ್ನದರಲ್ಲಿ ಬರೆದುಬಿಟ್ಟ:
ಇಪ್ಪತ್ತು ಸೆಂಟು. ಸಾಲದು.
ಹೊಡೆದುಹಾಕಲು ಮನಸ್ಸಾಗಲಿಲ್ಲ.

ಒಂಬತ್ತನೇ ದಿನ. ಬೆಳಗಿನ ಐದೂವರೆ.
ಬೆಳಕಿಗೂ ಮೊದಲೇ ತೋಟ ಬೆಳ್ಳಗಾಗಿದೆ.
ಅಮ್ಮ ಕಿಟಕಿಗೆ ಒದ್ದೆ ಪಂಚೆ ಕಟ್ಟಿದ್ದಾಳೆ.
ಊದಿದೆ.
ಬರೆದೆ: ಇವತ್ತು ಸತ್ತೇ ಹೋಗುತ್ತೇನೆ. ೩೧೦.
ಒಂದೇ ಸಾಲಿನಲ್ಲಿ ಎರಡೂ ಕೂತವು,
ಬಸ್ಸಿನಲ್ಲಿ ಪರಿಚಯವಿಲ್ಲದವರ ಹಾಗೆ.

ಜೀಪಿನಲ್ಲಿ ಅಪ್ಪ ಹೂವಿನ ಮಾತೆತ್ತಲಿಲ್ಲ.
ಗೋಣಿಕೊಪ್ಪ ಹತ್ತಿರವಾದ ಹಾಗೆ ಎದೆ ಬಿಗಿಯಿತು.
ಕೊಳವೆ ಬ್ಯಾಗಿನಲ್ಲಿತ್ತು, ತೆಗೆಯಲಿಲ್ಲ.
ಇಲ್ಲ, ತೆಗೆದೆ. ಸುಳ್ಳು ಯಾಕೆ.
ಎರಡೆರಡು ಸಲ ಊದಿದೆ.

ಕಾಲೇಜಿನ ಗೇಟಿನಲ್ಲಿ ಅಪ್ಪ ಕೇಳಿದ, ಎಷ್ಟು?
ಮಳೆ ಕೇಳುವ ದನಿಯಲ್ಲೇ.
ಹೇಳಿದೆ.
ಜೇಬಿನಿಂದ ಪೆನ್ನು ತೆಗೆದು
ಅಂಗೈ ಮೇಲೆ ಬರೆದುಕೊಂಡ.